ಬೆಟ್ಟಕ್ಕೆ ಹೆಸರು ಹಲವು

ಇಂಗ್ಲಿಷಿನ ‘ಹಿಲ್’ ಎಂಬ ಪದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಬೆಟ್ಟ, ಗುಡ್ಡ, ದಿಬ್ಬ, ಗಿರಿ ಎಂದು ಹಲವು ಪದಗಳನ್ನು ಒಂದೇ ಉಸಿರಿನಲ್ಲಿ ಹೇಳಬಹುದು. ಇಂತಹವುಗಳಿಗೆ ಸಮಾನಾರ್ಥಕ ಪದಗಳೆಂದು ಹೆಸರು. ಅರ್ಥ ಸಮಾನವೆಂದ ಮೇಲೆ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇರಿಸಿದರೆ ತಪ್ಪೇನು ಎಂದು ವಿದ್ಯಾರ್ಥಿಗಳಿಗೆ ತೋರುವುದು ಸಹಜ. ಆದರೆ ನಿಘಂಟಿನಲ್ಲಿ ಅಕ್ಕಪಕ್ಕ ಕುಳಿತ ಪದಗಳು ಜನರ ಬಾಯಲ್ಲಿ ಬೇರೆ ಬೇರೆ ಕೆಲಸಗಳನ್ನು ಮಾಡುತ್ತವೆ. ಇದನ್ನು ಅರಿಯಲು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆ ತಕ್ಕ ಸ್ಥಳವಾಗಿದೆ.

ಈ ಸೀಮೆ ಕಲ್ಲುಬೆಟ್ಟಗಳಿಗೆ ಹೆಸರಾದುದು. ಇಲ್ಲಿನ ಬೆಟ್ಟಗಳ ಶಿಲೆಯನ್ನು ಭೂವಿಜ್ಞಾನಿಗಳು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಕರೆದಿದ್ದಾರೆ. ಕ್ಲೋಸ್‌ಪೇಟೆ ಎಂಬುದು ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕಿದ್ದ ಹೆಸರು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್ ಎಂಬ ಅಧಿಕಾರಿಯಿಂದ ಅದು ಬಂದಿತು. ಈ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷಗಳು. ವಿಜ್ಞಾನಿಗೆ ಶಿಲೆ ಒಂದೇ. ಆದರೆ ಅದರ ನೆರಳಿನಲ್ಲಿ ಬಾಳಿದ ಜನರಿಗೆ ಒಂದೇ ಹೆಸರು ಸಾಲಲಿಲ್ಲ.

ಎತ್ತರವಾಗಿ, ದೂರದಿಂದಲೇ ಕಾಣುವಂತೆ ನಿಂತುದು ಬೆಟ್ಟ. ಅದಕ್ಕಿಂತ ಕಿರಿದಾದುದು ಗುಡ್ಡ. ನೆಲವು ಸ್ವಲ್ಪವೇ ಉಬ್ಬಿದ್ದರೆ ದಿಬ್ಬ. ದಿಣ್ಣೆಯೂ ಎತ್ತರದ ನೆಲವೇ. ಆದರೆ ಅದರ ಮೇಲೆ ನೇಗಿಲು ನಡೆಯಬಲ್ಲದು, ರಾಗಿ ಬೆಳೆಯಬಲ್ಲದು. ಆದಕಾರಣ ರೈತನು ‘ದಿಣ್ಣೆಯ ಹೊಲ’ ಎನ್ನುತ್ತಾನೆ. ‘ಬೆಟ್ಟದ ಹೊಲ’ ಎಂದರೆ ಚಿತ್ರವೇ ಬೇರೆಯಾಗುತ್ತದೆ.

ಹಾಗೆಂದು ಈ ಪದಗಳನ್ನು ಅಳತೆಗೋಲಿನಿಂದ ವಿಂಗಡಿಸಲಾಗದು. ಮಾಗಡಿಯ ಸಮೀಪದ ಸಾವನದುರ್ಗವು ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರವಿದೆ. ಆದರೂ ಅದರ ಎರಡು ಶಿಖರಗಳನ್ನು ಜನರು ಕರಿಗುಡ್ಡ, ಬಿಳಿಗುಡ್ಡ ಎಂದೇ ಕರೆಯುತ್ತಾರೆ. ನಾಡಿನ ಬೇರೆ ಭಾಗಗಳಿಗೆ ಹೋದರೆ ಬಳಕೆ ಇನ್ನೂ ಬದಲಾಗುತ್ತದೆ. ಮೈಸೂರಿನವರು ಚಾಮುಂಡಿ ಬೆಟ್ಟವೆನ್ನುವರು. ಸವದತ್ತಿಯವರು ಯಲ್ಲಮ್ಮನ ಗುಡ್ಡವೆನ್ನುವರು. ಉತ್ತರ ಕನ್ನಡದ ಅಡಕೆ ಬೆಳೆಗಾರನಿಗೆ ‘ಸೊಪ್ಪಿನ ಬೆಟ್ಟ’ವೆಂದರೆ ತೋಟಕ್ಕೆ ಬೇಕಾದ ಸೊಪ್ಪುಸದೆಗಳನ್ನು ತರಲು ಬಿಟ್ಟ ಕಾಡುಭೂಮಿ. ಪದದ ಅರ್ಥವನ್ನು ತೀರ್ಮಾನಿಸುವುದು ಬಳಕೆಯೇ ಹೊರತು ಎತ್ತರವಲ್ಲ.

ಇನ್ನು ‘ದುರ್ಗ’ವೆಂಬ ಪದವನ್ನು ನೋಡಬಹುದು. ಹೋಗಲು ಕಷ್ಟವಾದುದು ಎಂಬುದು ಇದರ ಮೂಲಾರ್ಥ. ನೀರಿನ ನಡುವಣ ಕೋಟೆ ಜಲದುರ್ಗ, ಕಾಡಿನ ನಡುವಣದು ವನದುರ್ಗ, ಬೆಟ್ಟದ ಮೇಲಿನದು ಗಿರಿದುರ್ಗ. ಆದುದರಿಂದ ದುರ್ಗವೆಂಬುದು ಆಕಾರವನ್ನು ಹೇಳುವ ಪದವಲ್ಲ, ಉಪಯೋಗವನ್ನು ಹೇಳುವ ಪದ. ಕನಕಪುರ ತಾಲ್ಲೂಕಿನ ಕಬ್ಬಾಳದುರ್ಗಕ್ಕೆ ಹೆಸರು ಬಂದುದು ಹೀಗೆಯೇ. ಸಾವನದುರ್ಗವು ಮಾಗಡಿಯ ಕೆಂಪೇಗೌಡರ ವಂಶದವರ ಆಸರೆಯಾಗಿದ್ದು, 1728ರಲ್ಲಿ ಮೈಸೂರಿನವರ ವಶವಾಯಿತು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಅದನ್ನು ಹಿಡಿಯಿತು. ಆಗ ಇಂಗ್ಲಿಷರು ತಮ್ಮ ‘ಹಿಲ್’ ಪದವನ್ನು ಅದಕ್ಕೆ ಅಂಟಿಸಲಿಲ್ಲ. ಕೇಳಿದ ಹೆಸರನ್ನೇ ತಿರುಚಿ ‘ಸಾವನ್‌ಡ್ರೂಗ್’ ಎಂದು ಬರೆದುಕೊಂಡರು. ನಂದಿಯ ದುರ್ಗವೂ ಅವರ ಬರಹಗಳಲ್ಲಿ ‘ನಂದಿಡ್ರೂಗ್’ ಆಯಿತು.

ಕೆಲವು ಪದಗಳು ಸಂದರ್ಭಕ್ಕೆ ಕಟ್ಟುಬಿದ್ದಿವೆ. ಗಿರಿ ಎಂಬುದು ಗಿರಿಜನ, ಗಿರಿಧಾಮ ಮುಂತಾದ ಸಮಾಸಗಳಲ್ಲಿ ಒಪ್ಪುತ್ತದೆ. ‘ದನಗಳು ಗಿರಿಗೆ ಹೋದವು’ ಎಂದರೆ ಕೇಳಿದವರು ನಕ್ಕಾರು. ಮಲೆ ಎಂದರೆ ಕಾಡು ತುಂಬಿದ ಬೆಟ್ಟಸಾಲು. ‘ಮಲೆ ಮಹದೇಶ್ವರ ಬೆಟ್ಟ’ ಎಂಬ ಹೆಸರಿನಲ್ಲಿ ಎರಡು ಪದಗಳೂ ಒಟ್ಟಿಗೆ ಬಂದಿದ್ದರೂ ಪುನರುಕ್ತಿಯಾಗಿಲ್ಲ. ಗಾದೆಗಳಂತೂ ಪದವನ್ನು ಕದಲಿಸಲು ಬಿಡುವುದೇ ಇಲ್ಲ. ಬೆಟ್ಟ ಅಗೆದು ಇಲಿ ಹಿಡಿದಂತೆ ಎಂಬಲ್ಲಿ ಬೆಟ್ಟವನ್ನು ತೆಗೆದು ದಿಬ್ಬವನ್ನು ಇರಿಸಿದರೆ, ಪಟ್ಟ ಶ್ರಮವೂ ಹೋಯಿತು, ಗಾದೆಯ ಸ್ವಾರಸ್ಯವೂ ಹೋಯಿತು.

ಸಂಸ್ಕೃತದಿಂದ ಬಂದ ‘ಅಚಲ’ ಎಂಬ ಇನ್ನೊಂದು ಪದವಿದೆ. ಚಲಿಸದುದು ಎಂದು ಅದರ ಅರ್ಥ. ಇಂದು ಆ ಅರ್ಥವೇ ಅಲುಗುತ್ತಿದೆ. ಬೆಟ್ಟವನ್ನು ಸಿಡಿಸಿದರೆ ಬಂಡೆ, ಬಂಡೆಯನ್ನು ಸೀಳಿದರೆ ಕಲ್ಲು, ಕಲ್ಲನ್ನು ಪುಡಿಮಾಡಿದರೆ ಜಲ್ಲಿ. ಮನೆಗೂ ರಸ್ತೆಗೂ ಜಲ್ಲಿ ಬೇಕೆಂಬುದು ನಿಜ. ಆದರೆ ಕಲ್ಲಿನಿಂದ ಜಲ್ಲಿಯಾಗುತ್ತದೆಯೇ ಹೊರತು ಜಲ್ಲಿಯಿಂದ ಮರಳಿ ಬೆಟ್ಟವಾಗದು.

ನೋಡುವವನು ಯಾವ ಪದವನ್ನು ಆರಿಸುತ್ತಾನೆಂಬುದು ಇಲ್ಲಿಯೇ ಮುಖ್ಯವಾಗುತ್ತದೆ. ರಾಮನಗರದ ರಾಮದೇವರ ಬೆಟ್ಟವನ್ನೇ ತೆಗೆದುಕೊಳ್ಳಬಹುದು. ಕಲ್ಲಿನ ವ್ಯಾಪಾರಿಯ ಕಣ್ಣಿಗೆ ಅದು ಇಷ್ಟು ಲಾರಿಗಳ ಕಲ್ಲಾಗಿ ತೋರೀತು. 1975ರಲ್ಲಿ ತೆರೆಕಂಡ ‘ಶೋಲೆ’ ಚಲನಚಿತ್ರದವರಿಗೆ ಅದರ ಬಂಡೆಗಳು ಡಕಾಯಿತರ ಅಡಗುದಾಣವಾದವು. ಭಕ್ತರಿಗೆ ಅದು ದೇವರ ಬೆಟ್ಟ. ಅದರ ಕಡಿದಾದ ಬಂಡೆಗಳ ಸಂದುಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡುಕಟ್ಟುತ್ತ ಬಂದಿವೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕ ಔಷಧಿಯಿಂದಾಗಿ ದೇಶದಾದ್ಯಂತ ಈ ಹಕ್ಕಿಗಳು ಅಳಿವಿನ ಅಂಚಿಗೆ ಬಂದಿದ್ದವು. 2012ರಲ್ಲಿ ರಾಮದೇವರ ಬೆಟ್ಟವು ರಣಹದ್ದುಗಳ ವನ್ಯಧಾಮವೆಂದು ಘೋಷಿತವಾಯಿತು. ಅಂದಿನಿಂದ ಹಳೆಯ ಬೆಟ್ಟಕ್ಕೆ ಹೊಸದೊಂದು ಹೆಸರು ಸೇರಿತು. ಆ ಹೆಸರಿನೊಡನೆ ಕಾನೂನಿನ ರಕ್ಷಣೆಯೂ ಸೇರಿತು.

ಸಮಾನಾರ್ಥಕ ಪದಗಳು ಒಂದೇ ಮನೆಯ ಅಣ್ಣತಮ್ಮಂದಿರಿದ್ದಂತೆ. ಮುಖದಲ್ಲಿ ಹೋಲಿಕೆಯಿದ್ದರೂ ಸ್ವಭಾವ ಬೇರೆ, ಕೆಲಸ ಬೇರೆ. ಯಾವ ಮಾತು ಎಲ್ಲಿ ಸಲ್ಲುವುದೆಂದು ತಿಳಿದು ಆಡುವುದು ಭಾಷೆಯ ವಿವೇಕ. ಬೆಟ್ಟವನ್ನು ಬೆಟ್ಟವೆಂದೂ ಕಲ್ಲನ್ನು ಕಲ್ಲೆಂದೂ ಬೇರ್ಪಡಿಸಿ ಹೇಳಬಲ್ಲವನಿಗೆ, ಯಾವುದನ್ನು ಒಡೆಯಬಹುದು, ಯಾವುದನ್ನು ಉಳಿಸಬೇಕು ಎಂಬ ವಿವೇಚನೆಗೂ ದಾರಿ ತೆರೆಯುತ್ತದೆ.