ಅಳತೆ ಕೂಡದ ಗೊಂಬೆಗಳು

ದಸರಾ ಗೊಂಬೆಗಳ ಮೆಟ್ಟಿಲಿನ ಮೇಲೆ ಅಳತೆಗಳು ಒಂದಕ್ಕೊಂದು ಕೂಡಿಬರುವುದಿಲ್ಲ. ಮೊಳದುದ್ದದ ಪಟ್ಟದ ರಾಜ ರಾಣಿ, ಅವರ ಕೆಳಗೆ ಗೇಣುದ್ದದ ದಶಾವತಾರ, ಪಕ್ಕದಲ್ಲಿ ರಾಮನಿಗಿಂತ ದಪ್ಪಗೆ ಕೂತ ಶೆಟ್ಟರ ದಂಪತಿ, ಅವರ ಅಂಗಡಿಯ ಮುಂದೆ ಬೆರಳುದ್ದದ ಮದುವೆ ದಿಬ್ಬಣ, ದಿಬ್ಬಣದ ಆನೆಗಿಂತ ಎತ್ತರದ ಒಂದು ಗಿಳಿ. ಪ್ಲಾಸ್ಟಿಕ್ ಆಕ್ಷನ್ ಫಿಗರ್‌ಗಳನ್ನು ಸಂಗ್ರಹಿಸುವವರ ಕಪಾಟಿನಲ್ಲೂ ಇದೇ ಕಥೆ. ತಯಾರಕರ ಅಜಾಗ್ರತೆಯಿಂದ ಹೀಗಾಯಿತೆಂದು ಹೇಳುವುದು ಸುಲಭ, ಆದರೆ ಅದು ನಿಜವಲ್ಲ. ಒಂದೊಂದು ಗೊಂಬೆಯ ಅಳತೆಗೂ ಅದು ಹುಟ್ಟಿದ ಕಡೆ ಸರಿಯಾದ ಕಾರಣವಿರುತ್ತದೆ. ಬೇರೆ ಬೇರೆ ಕಡೆ ಹುಟ್ಟಿದವು ಒಂದೇ ಮನೆಗೆ ಬಂದು ಅಕ್ಕಪಕ್ಕ ನಿಂತಾಗ ಮಾತ್ರ ತಕರಾರು ಶುರುವಾಗುತ್ತದೆ.

ಈ ಕಾರಣಗಳಲ್ಲಿ ಎಲ್ಲಕ್ಕಿಂತ ಹಳೆಯದು ಅಂತಸ್ತು. ಶಿಲ್ಪಶಾಸ್ತ್ರದ ತಾಳಮಾನದಲ್ಲಿ ಮೂರ್ತಿಯ ಮುಖದ ಉದ್ದವೇ ಒಂದು ತಾಳ; ಅದನ್ನು 12 ಅಂಗುಲಗಳಾಗಿ ಭಾಗಿಸುತ್ತಾರೆ. ವಿಷ್ಣು, ಶಿವರಂಥ ದೊಡ್ಡ ದೇವರಿಗೆ ದಶತಾಳ, ಮನುಷ್ಯರಿಗೆ ಅಷ್ಟತಾಳ, ಗಣಪತಿಗೆ ಪಂಚತಾಳ, ಕುಬ್ಜರಿಗೆ ಅದಕ್ಕೂ ಕಡಿಮೆ. ಎಲ್ಲರ ಮುಖವೂ ಒಂದೇ ಅಳತೆಯದಾದರೆ ವಿಷ್ಣು ಗಣಪತಿಯ ಎರಡರಷ್ಟು ಎತ್ತರವಾಗುತ್ತಾನೆ. ಇದನ್ನೇ ತಿರುಗಿಸಿ, ಇಬ್ಬರನ್ನೂ ಆರು ಇಂಚಿಗೆ ಸರಿಗಟ್ಟಿ ಮಾಡಿದರೆ ಗಣಪತಿಯ ಮುಖ ವಿಷ್ಣುವಿನ ಮುಖದ ಎರಡರಷ್ಟಾಗುತ್ತದೆ. ಎತ್ತರ ಸರಿಹೋದರೆ ಮುಖ ತಪ್ಪುತ್ತದೆ, ಮುಖ ಸರಿಹೋದರೆ ಎತ್ತರ. ದೇವಾಲಯದ ಗೋಡೆಯ ಮೇಲೆ ಇದು ಯಾರ ಕಣ್ಣಿಗೂ ಚುಚ್ಚದು, ಏಕೆಂದರೆ ಅಲ್ಲಿ ದೇವರ ಕಾಲ ಬಳಿ ಪುಟ್ಟದಾಗಿ ನಿಂತ ಭಕ್ತ ದೂರದಲ್ಲಿರುವವನಲ್ಲ, ಚಿಕ್ಕವನು. ನೋಡುವವರಿಗೂ ಅದು ಗೊತ್ತು.

ತೊಗಲುಗೊಂಬೆಯಾಟ ಈ ಪದ್ಧತಿಯನ್ನು ಜೀವಂತವಾಗಿ ಉಳಿಸಿಕೊಂಡಿದೆ. ರಾಜರು, ದೇವತೆಗಳು ದೊಡ್ಡ ತೊಗಲಿನಲ್ಲಿ. ಸೇವಕರು, ಸಾಮಾನ್ಯರು ಚಿಕ್ಕದರಲ್ಲಿ. ಪರದೆಯ ಹಿಂದೆ ದೀಪವಿಟ್ಟು ಆಡಿಸುವ ಆಟದಲ್ಲಿ ಯಾರು ಮುಖ್ಯರೆಂಬುದು ಮಾತು ಕೇಳುವ ಮೊದಲೇ, ಗೊಂಬೆ ಪರದೆಗೆ ತಾಗಿದ ಕೂಡಲೇ ಗೊತ್ತಾಗಬೇಕು. ಒಂದೇ ಪಾತ್ರಕ್ಕೆ ಸಂದರ್ಭಕ್ಕೆ ತಕ್ಕಂತೆ ಬೇರೆ ಬೇರೆ ಗೊಂಬೆಗಳನ್ನು ಇಟ್ಟುಕೊಳ್ಳುವುದೂ ಉಂಟು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಈ ಕಲೆಗಾಗಿಯೇ. ಇಲ್ಲಿ ಅಳತೆ ಕೂಡದಿರುವುದು ಕಥೆ ಹೇಳುವ ವಿಧಾನವೇ ಆಗಿದೆ. ಎಲ್ಲರನ್ನೂ ಒಂದೇ ಎತ್ತರಕ್ಕೆ ಕತ್ತರಿಸಿದರೆ ಆಟ ಕೆಡುತ್ತದೆ.

ಮರದ ಗೊಂಬೆಗೆ ಬಂದರೆ ಅಳತೆಯನ್ನು ನಿರ್ಧರಿಸುವುದು ಅಂತಸ್ತಿಗಿಂತ ಹೆಚ್ಚಾಗಿ ಮರ. ಚನ್ನಪಟ್ಟಣದಲ್ಲಿ ಬಳಸುವ ಆಲೆಮರ ಬಿಳುಪಾದ, ಮೃದುವಾದ, ಆದರೆ ಸಣ್ಣ ಗಾತ್ರದ ಮರ. ಅದರ ತುಂಡನ್ನು ಕಡೆಸಲು ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತಾ ಉಳಿ ಹಿಡಿಯುತ್ತಾರೆ. ಆಕಾರ ಬಂದ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ಕೊನೆಗೆ ತಾಳೆಗರಿಯಿಂದ ತೀಡಿ ಹೊಳಪು ಕೊಡುತ್ತಾರೆ. ಹೀಗೆ ತಿರುಗಿಸಿ ಮಾಡಿದ್ದೆಲ್ಲ ದುಂಡಗೆ ಬರಲೇಬೇಕು, ತುಂಡಿನ ಸುತ್ತಳತೆಯನ್ನು ಮೀರಲೂ ಆಗದು. ತಲೆಯೂ ಅದೇ ತುಂಡಿನಿಂದ, ಮೈಯೂ ಅದರಿಂದಲೇ. ಆದ್ದರಿಂದ ಚನ್ನಪಟ್ಟಣದ ರಾಜ ರಾಣಿಯರಿಗೆ ತಲೆ ದೊಡ್ಡದು, ಭುಜ ಕಿರಿದು. ಅಷ್ಟತಾಳದ ಲೆಕ್ಕ ಅಲ್ಲಿಗೆ ಹೊಂದುವುದೇ ಇಲ್ಲ.

ಕಿನ್ನಾಳದ ಚಿತ್ರಗಾರರು ಈ ಕಟ್ಟನ್ನು ಬೇರೆ ದಾರಿಯಿಂದ ದಾಟಿದರು. ಅವರದೂ ಹಗುರ ಮರವೇ. ಆದರೆ ಅಂಗಾಂಗಗಳನ್ನು ಬೇರೆ ಬೇರೆಯಾಗಿ ಕೆತ್ತಿ, ಹುಣಸೆಬೀಜದ ಸರಿಯಿಂದ ಅಂಟಿಸಿ, ಮೇಲೆ ಲೇಪ ಹಚ್ಚಿ ಬಣ್ಣ ಬರೆಯುತ್ತಾರೆ. ಗರುಡನಿಗೆ 12 ಭಾಗಗಳು, ಸಿಂಹಾಸನದ ಮೇಲೆ ಕೂತ ಗಣಪನಿಗೆ 22. ತುಂಡಿಗೆ ತುಂಡು ಸೇರಿಸಿ ಬೆಳೆಸುವ ಗೊಂಬೆಗೆ ಮರದ ಸುತ್ತಳತೆಯ ಹಂಗಿಲ್ಲ. ರಾಜ್ಯದ ಎರಡು ಹೆಸರಾಂತ ಗೊಂಬೆಯೂರುಗಳ ಗೊಂಬೆಗಳು ಒಂದೇ ಮೆಟ್ಟಿಲಲ್ಲಿ ನಿಂತಾಗ ಹೊಂದದಿರುವುದಕ್ಕೆ ಕಾರಣ ಇಷ್ಟೇ: ಒಂದನ್ನು ತಿರುಗಿಸಿ ತೆಗೆದದ್ದು, ಇನ್ನೊಂದನ್ನು ಜೋಡಿಸಿ ಕಟ್ಟಿದ್ದು.

ಮಣ್ಣಿನ ಗೊಂಬೆಯ ವಿಷಯ ಇನ್ನೂ ಸೂಕ್ಷ್ಮ. ಅಚ್ಚಿಗೆ ಒತ್ತಿದ ಹಸಿಮಣ್ಣು ಒಣಗುವಾಗ ಒಮ್ಮೆ, ಸುಡುವಾಗ ಇನ್ನೊಮ್ಮೆ ಕುಗ್ಗುತ್ತದೆ. ಹಳೆಯ ಅಚ್ಚು ಸವೆದಾಗ ಸುಟ್ಟ ಗೊಂಬೆಯೊಂದರ ಮೇಲೆಯೇ ಹೊಸ ಅಚ್ಚು ತೆಗೆದರೆ, ಅದರಿಂದ ಬರುವ ಗೊಂಬೆ ಮೂಲಕ್ಕಿಂತ ಚಿಕ್ಕದು. ಅದರಿಂದ ಮತ್ತೆ ಅಚ್ಚು ತೆಗೆದರೆ ಇನ್ನೂ ಚಿಕ್ಕದು, ಕಣ್ಣು ಮೂಗೂ ಮಸುಕು. ಹತ್ತು ಅವತಾರಗಳಲ್ಲಿ ಒಡೆದುಹೋದ ವಾಮನನ ಜಾಗಕ್ಕೆ ವರ್ಷಗಳ ನಂತರ ಅದೇ ನಮೂನೆಯ ಇನ್ನೊಬ್ಬ ವಾಮನನನ್ನು ತಂದಿಟ್ಟರೂ ಸಾಲು ಸರಿಹೋಗದಿರುವುದು ಹೀಗೆ. ಕುಂಬಾರನಿಗಾಗಲಿ ಬೊಂಬೆ ಮಾಡುವವರಿಗಾಗಲಿ ಒಂದು ಜೋಡಿಯೊಳಗೆ, ಒಂದು ಸೆಟ್ಟಿನೊಳಗೆ ಅಳತೆ ಕೂಡಿದರೆ ಸಾಕು. ದಾವಣಗೆರೆ, ಹಾವೇರಿ ಸೀಮೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಕೊಳ್ಳುವವರು ನೋಡುವುದೂ ಅದನ್ನೇ. ಜೋಡಿ ಎರಡೂ ಸರಿಸಮ ಇರಬೇಕು. ಪಕ್ಕದ ಮನೆಯ ಜೋಡಿ ದೊಡ್ಡದೋ ಚಿಕ್ಕದೋ ಯಾರಿಗೂ ಬೇಕಿಲ್ಲ.

ಪ್ಲಾಸ್ಟಿಕ್ ಬಂದಾಗ ಕುಗ್ಗುವ ಮಣ್ಣಿನ ಸಮಸ್ಯೆಯೂ ಇರಲಿಲ್ಲ, ಸಣ್ಣ ಮರದ ಸಮಸ್ಯೆಯೂ ಇರಲಿಲ್ಲ. ಆದರೂ ಅಳತೆಗಳು ಒಂದಾಗಲಿಲ್ಲ. ಅಮೆರಿಕದ ಹ್ಯಾಸ್‌ಬ್ರೊ ಕಂಪನಿ 1964ರಲ್ಲಿ ಹೊರತಂದ ಮೊದಲ ಜಿ.ಐ. ಜೋ ಎಂಬ ಸೈನಿಕ ಗೊಂಬೆ ಸುಮಾರು 12 ಇಂಚಿನದು, ಅಂದರೆ ಮನುಷ್ಯನ ಆರನೆಯ ಒಂದು ಪಾಲು. 1959ರ ಬಾರ್ಬಿಯೂ ಹೆಚ್ಚುಕಡಿಮೆ ಇದೇ ಅಳತೆಯವಳು, ಏಕೆಂದರೆ ಇಬ್ಬರಿಗೂ ಬಟ್ಟೆ ತೊಡಿಸಿ ಬಿಚ್ಚಬೇಕಿತ್ತು. ಅದಕ್ಕಿಂತ ಚಿಕ್ಕದಾದರೆ ಗುಂಡಿ ಹಾಕಲು ಮಕ್ಕಳ ಬೆರಳಿಗೆ ಆಗದು. 1973ರ ತೈಲ ಬಿಕ್ಕಟ್ಟಿನ ನಂತರ ಪ್ಲಾಸ್ಟಿಕ್ ತುಟ್ಟಿಯಾಯಿತು. ಕೆನ್ನರ್ ಕಂಪನಿ 1978ರಲ್ಲಿ 'ಸ್ಟಾರ್ ವಾರ್ಸ್' ಚಲನಚಿತ್ರದ ಗೊಂಬೆಗಳನ್ನು ಮೂರು ಮುಕ್ಕಾಲು ಇಂಚಿಗೆ ಇಳಿಸಿತು. ದುಡ್ಡಿಗಿಂತ ದೊಡ್ಡ ಕಾರಣ ವಾಹನಗಳು. ಆ ಚಿತ್ರದ ಆಕರ್ಷಣೆಯೇ ಗಗನನೌಕೆಗಳು, 12 ಇಂಚಿನ ಗೊಂಬೆ ಕೂರುವಷ್ಟು ದೊಡ್ಡ ನೌಕೆ ಯಾವ ಅಂಗಡಿಗೂ ಹಿಡಿಯುತ್ತಿರಲಿಲ್ಲ. ಅಷ್ಟು ಇಳಿಸಿದ ಮೇಲೂ ನೌಕೆ ಅಳತೆಗೆ ಬರಲಿಲ್ಲ. ಮಿಲೇನಿಯಂ ಫಾಲ್ಕನ್ ಎಂಬ ನೌಕೆಯನ್ನು ಗೊಂಬೆಗಳ ಪ್ರಮಾಣದಲ್ಲೇ ಮಾಡಿದ್ದರೆ ಆರಡಿ ಉದ್ದವಾಗಬೇಕಿತ್ತು, ಮಾರಿದ್ದು ಎರಡಡಿಗಿಂತ ಚಿಕ್ಕದನ್ನು.

ಜಿ.ಐ. ಜೋ ಕೂಡ 1982ರಲ್ಲಿ ಅದೇ ಮೂರು ಮುಕ್ಕಾಲು ಇಂಚಿಗೆ ಬಂದ. ಅದೇ ವರ್ಷ ಮ್ಯಾಟೆಲ್ ಕಂಪನಿಯ ಹೀ-ಮ್ಯಾನ್ ಐದೂವರೆ ಇಂಚಿಗೆ, ಗುಡ್ಡದಂಥ ತೋಳುಗಳೊಡನೆ ಹುಟ್ಟಿದ. ಪೈಪೋಟಿಯ ಗೊಂಬೆಗಿಂತ ತನ್ನದು ದೊಡ್ಡದಾಗಿ, ಬಲವಾಗಿ ಕಾಣಲೆಂಬುದೇ ಇಲ್ಲಿನ ಲೆಕ್ಕ. ಒಂದು ಕಂಪನಿಯ ಗೊಂಬೆ ಇನ್ನೊಂದರ ವಾಹನದಲ್ಲಿ ಕೂರದಿರುವುದು ವ್ಯಾಪಾರಕ್ಕೆ ನಷ್ಟವೇನೂ ಅಲ್ಲ.

ಅಳತೆಗೆಟ್ಟ ಸಂಗ್ರಹಕ್ಕೆ, ವಾಹನವೋ ವಸ್ತುವೋ ಆಗಿ ರೂಪ ಬದಲಿಸುವ ರೋಬಾಟ್ ಗೊಂಬೆಗಳಾದ ಟ್ರಾನ್ಸ್‌ಫಾರ್ಮರ್ಸ್‌ಗಿಂತ ಒಳ್ಳೆಯ ಉದಾಹರಣೆ ಸಿಗದು. ಹ್ಯಾಸ್‌ಬ್ರೊ ಇದನ್ನು 1984ರಲ್ಲಿ ಆರಂಭಿಸಿದಾಗ ಜಪಾನಿನ ತಕಾರಾ ಕಂಪನಿಯ ಎರಡು ಬೇರೆ ಬೇರೆ ಆಟಿಕೆ ಸಾಲುಗಳನ್ನು ಒಂದೇ ಹೆಸರಿನಡಿ ಸೇರಿಸಿತು. ಒಂದು ಸಾಲಿನ ಕಾರು, ಲಾರಿಗಳು ನಿಜವಾದ ವಾಹನಗಳನ್ನು ಕುಗ್ಗಿಸಿ ಮಾಡಿದವು. ಇನ್ನೊಂದು ಸಾಲಿನ ಪಿಸ್ತೂಲು, ಕ್ಯಾಸೆಟ್‌ಗಳು ಮನೆಯ ವಸ್ತುಗಳ ನಡುವೆ ಅಡಗುವ ಪುಟಾಣಿ ಜೀವಿಗಳ ಕಥೆಗಾಗಿ ಮಾಡಿದವು, ಹಾಗಾಗಿ ಅಲ್ಲಿ ಕುಗ್ಗಿಸುವ ಮಾತೇ ಇರಲಿಲ್ಲ. ಹೀಗೆ ಲಾರಿಯಾಗುವ ನಾಯಕ ಆಪ್ಟಿಮಸ್ ಪ್ರೈಮ್‌ಗೆ ಕೈಯಲ್ಲಿ ಹಿಡಿಯುವ ಪಿಸ್ತೂಲಾಗುವ ಮೆಗಾಟ್ರಾನ್ ಎದುರಾಳಿಯಾದ. ಕಾರ್ಟೂನಿನಲ್ಲಿ ಇಬ್ಬರೂ ಸರಿಸಮ ಎತ್ತರದಲ್ಲಿ ನಿಂತು ಹೊಡೆದಾಡುತ್ತಾರೆ, ಮರುಕ್ಷಣ ಮೆಗಾಟ್ರಾನ್ ಸಂಗಾತಿಯ ಮುಷ್ಟಿಗೆ ಹಿಡಿಯುವಷ್ಟಾಗುತ್ತಾನೆ. ಅಲ್ಲಿಂದ ಇಲ್ಲಿಯವರೆಗೆ ಆ ಗೊಂಬೆಗಳ ಸಂಗ್ರಾಹಕರು ಈ ಎರಡು ಅಳತೆಗಳನ್ನು ಹೊಂದಿಸಲು ನೋಡುತ್ತಲೇ ಇದ್ದಾರೆ.

ಭಾರತದಲ್ಲಿ ಎಂ.ಆರ್.ಎಫ್. ಮತ್ತು ಹ್ಯಾಸ್‌ಬ್ರೊ ಸೇರಿ 1987ರಲ್ಲಿ ಫನ್‌ಸ್ಕೂಲ್ ಕಂಪನಿ ಕಟ್ಟಿದ ಮೇಲೆ ಜಿ.ಐ. ಜೋ ಇಲ್ಲೇ ತಯಾರಾಗತೊಡಗಿದ. ಹೀ-ಮ್ಯಾನ್ ಕಾರ್ಟೂನು ದೂರದರ್ಶನದಲ್ಲಿ ಬಂತು. ಇಬ್ಬರೂ ಒಂದೇ ಮನೆಗೆ ಬಂದಾಗ ಜೋ ಹೀ-ಮ್ಯಾನ್‌ನ ಎದೆಮಟ್ಟಕ್ಕೆ ನಿಂತ. ಮಕ್ಕಳು ದೊಡ್ಡವರಾದ ಮೇಲೆ ಇಂಥ ಆಟಿಕೆಗಳು ದಸರೆಯಲ್ಲಿ ಮೆಟ್ಟಿಲಿನ ಕೆಳಗಿನ ಸಾಲಿಗೆ ಸೇರುವುದೂ ಉಂಟು.

ಮೆಟ್ಟಿಲೆಂಬ ವ್ಯವಸ್ಥೆಗೆ ಈ ಜಗಳವನ್ನು ತಣಿಸುವ ಶಕ್ತಿ ಇದೆ. ತವರಿನಿಂದ ಮದುವೆಯಲ್ಲಿ ಬಂದ ಪಟ್ಟದ ಗೊಂಬೆಗಳು ಮೇಲೆ, ದೇವರು ಅದರ ಕೆಳಗೆ, ಜನಜೀವನ ಇನ್ನೂ ಕೆಳಗೆ. ಒಂದೊಂದು ಮೆಟ್ಟಿಲೂ ಒಂದೊಂದು ಲೋಕವಾದ್ದರಿಂದ ಮೇಲಿನವರನ್ನು ಕೆಳಗಿನವರೊಡನೆ ಯಾರೂ ಅಳೆಯುವುದಿಲ್ಲ. ಅಳತೆ ನಿಜವಾಗಿ ಕಾಡುವುದು ಮೆಟ್ಟಿಲಿನ ಬುಡದಲ್ಲಿ, ನೆಲದ ಮೇಲೆ ಮಾಡುವ ಪಾರ್ಕಿನಲ್ಲಿ. ಕನ್ನಡಿಯೇ ಕೆರೆ, ಮೊಳಕೆ ಬಂದ ರಾಗಿಯೇ ಗದ್ದೆ, ಬೆಂಕಿಪೊಟ್ಟಣವೇ ಮನೆ. ನಾಲ್ಕು ಇಂಚು ಬೆಳೆದ ರಾಗಿಪೈರಿನ ಪಕ್ಕ ಎರಡು ಇಂಚಿನ ರೈತನನ್ನು ನಿಲ್ಲಿಸಿದರೆ ಗದ್ದೆ ಕಬ್ಬಿನ ತೋಟವಾಗುತ್ತದೆ. ಆದ್ದರಿಂದ ರಾಗಿಯನ್ನು ಹಬ್ಬಕ್ಕೆ ಎಷ್ಟು ದಿನ ಮೊದಲು ಚೆಲ್ಲಬೇಕೆಂಬುದೂ ಅಳತೆಯ ವಿಷಯವೇ. ತಡವಾಗಿ ಚೆಲ್ಲಿದರೆ ಪೈರು ರೈತನ ಮೊಣಕಾಲಿಗೆ ಬರುತ್ತದೆ, ಬೇಗ ಚೆಲ್ಲಿದರೆ ಕತ್ತರಿ ಹಿಡಿಯಬೇಕು.

ಈಗ ಅಂಗಡಿಗಳಲ್ಲಿ ಗೊಂಬೆಗೆ ಇಂಚಿನ ಲೆಕ್ಕದಲ್ಲಿ ಬೆಲೆ. ಇದರಿಂದ ಸಂಗ್ರಹಕ್ಕೆ ಒಂದು ಶಿಸ್ತು ಬಂದಂತೆ ಕಂಡರೂ, ಇಂಚಿನಲ್ಲಿ ಪೀಠವೂ ಕಿರೀಟವೂ ಸೇರಿರುತ್ತವೆ. ಆರು ಇಂಚಿನ ನಿಂತ ಕೃಷ್ಣ, ಆರು ಇಂಚಿನ ಕೂತ ಲಕ್ಷ್ಮಿ ಅಂಗಡಿಯಲ್ಲಿ ಒಂದೇ ಅಳತೆಯವರು. ಲಕ್ಷ್ಮಿ ಎದ್ದು ನಿಂತರೆ ಕೃಷ್ಣ ಅವಳ ಹೆಗಲಿಗೂ ಬರುವುದಿಲ್ಲ. ಒಂದೇ ಪ್ರಮಾಣದ ಸಾಲು ಬೇಕೆನ್ನುವವರು ಎತ್ತರ ಕೇಳುವುದನ್ನು ಬಿಟ್ಟು, ಹಳೆಯ ಶಿಲ್ಪಿಗಳಂತೆ ಮುಖದ ಉದ್ದ ನೋಡಿ ಕೊಳ್ಳಬೇಕಾಗುತ್ತದೆ.