ದೇವದೂತ ಮೀನಿನ ಪಾಲನೆ

ನಮ್ಮ ಶಾಲೆಯ ಪಡಸಾಲೆಯಲ್ಲಿರುವ ಗಾಜಿನ ತೊಟ್ಟಿಯನ್ನು ಪೂರ್ವ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಪಾಲಕರ ಸಭೆಯ ದಿವಸ ಮಗಳ ಅಂಕಗಳಿಗಿಂತ ಮೊದಲು ಆ ತೊಟ್ಟಿಯ ವಿಷಯವನ್ನೇ ವಿಚಾರಿಸುವ ತಂದೆತಾಯಿಗಳೂ ಉಂಟು. ಮನೆಯಲ್ಲಿಯೂ ಇಂಥ ಮೀನು ಬೇಕೆಂದು ಮಕ್ಕಳು ಹಟ ಹಿಡಿದಿರುವದರಿಂದ, ಇವಕ್ಕೆ ಏನು ತಿನ್ನಿಸಬೇಕೆಂಬದು ಅವರ ಪ್ರಶ್ನೆಯು. ತಿನ್ನಿಸುವದು ಎರಡನೆಯ ಮಾತು, ನೀರು ಮೊದಲನೆಯದು ಎಂದು ನಾವು ಉತ್ತರ ಕೊಡುತ್ತೇವೆ. ಇದನ್ನು ನಾವು ತಪ್ಪು ಮಾಡಿಯೇ ಕಲಿತೆವು.

ಈ ಮೀನಿನ ಮೂಲಸ್ಥಾನವು ದಕ್ಷಿಣ ಅಮೇರಿಕೆಯ ಅಮೇಜಾನ್ ನದಿಯ ಪ್ರದೇಶ. ಮೈ ಎಲೆಯಂತೆ ಚಪ್ಪಟೆಯಾಗಿದ್ದು, ಮೇಲಿನ ಮತ್ತು ಕೆಳಗಿನ ಈಜುರೆಕ್ಕೆಗಳು ಉದ್ದವಾಗಿ ಚಾಚಿಕೊಂಡಿರುವವು. ಅವನ್ನು ಕಂಡು ಇಂಗ್ಲಿಷರು ದೇವದೂತನೆಂದರು. ಜರ್ಮನರಾದರೋ ಹಡಗಿನ ಹಾಯಿಯನ್ನು ನೆನೆದು ಹೆಸರಿಟ್ಟರು. ಸತ್ಯವೇದದಲ್ಲಿ ಇದರ ಹೆಸರು ಎಲ್ಲಿದೆಯೆಂದು ಐದನೆಯ ತರಗತಿಯ ಹುಡುಗಿಯೊಬ್ಬಳು ನಮ್ಮನ್ನು ಕೇಳಿದ್ದಳು. ಸ್ವಭಾವದಲ್ಲಿ ಇದು ಅಷ್ಟೇನೂ ದೇವದೂತನಲ್ಲ. ತನ್ನ ಬಾಯಿಗೆ ಹಿಡಿಸುವಷ್ಟು ಸಣ್ಣದಾದ ನಿಯಾನ್ ಮೀನುಗಳನ್ನು ನುಂಗಿಬಿಡುವದು.

2011ರಲ್ಲಿ ಶಾಲೆಗೆ ಅತಿಥಿಗಳು ಬರುವವರಿದ್ದರು. ತೊಟ್ಟಿಯು ಥಳಥಳಿಸಬೇಕೆಂದು ನಾವೇ ಅಪ್ಪಣೆ ಮಾಡಿ, ನೀರನ್ನೆಲ್ಲ ಚೆಲ್ಲಿಸಿ, ತಳದ ಹರಳುಗಳನ್ನೂ ಶೋಧಕದ ಸ್ಪಂಜನ್ನೂ ನಳದ ಕೆಳಗೆ ತಿಕ್ಕಿಸಿ ತೊಳೆಸಿ, ಆಗತಾನೆ ಬಂದ ನಳದ ನೀರನ್ನು ತುಂಬಿಸಿದೆವು. ಮರುದಿನ ಬೆಳಿಗ್ಗೆ ಐದರಲ್ಲಿ ಎರಡು ಮೀನುಗಳು ಸತ್ತು ತೇಲುತ್ತಿದ್ದವು. ವಾರವು ಮುಗಿಯುವದರೊಳಗೆ ಉಳಿದ ಮೂರೂ ಹೋದವು. ಆಹಾರದ ಡಬ್ಬಿಯು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ವಶದಲ್ಲಿತ್ತು. ಅವಳು ಮಿತಿಮೀರಿ ಹಾಕಿದ್ದರಿಂದಲೇ ಹೀಗಾಯಿತೆಂದು ಎಲ್ಲರೆದುರಿಗೆ ಅವಳನ್ನು ಗದರಿಸಿದೆವು. ಅವಳು ತಿರುಗಿ ಮಾತಾಡಲಿಲ್ಲ.

ನಿಜವಾದ ಕಾರಣ ಬೇರೆಯಿತ್ತು. ನಳದ ನೀರಿನಲ್ಲಿ ನಮ್ಮ ಆರೋಗ್ಯಕ್ಕೋಸ್ಕರ ಕಲಸುವ ಕ್ಲೋರೀನು ಮೀನಿನ ಕಿವಿರುಗಳನ್ನು ಸುಡುತ್ತದೆ. ಅಲ್ಲದೆ ಮೀನಿನ ಹೊಲಸಿನಿಂದಲೂ ಉಳಿದ ಆಹಾರದಿಂದಲೂ ಅಮೋನಿಯಾ ಎಂಬ ವಿಷವು ಹುಟ್ಟುತ್ತದೆ. ಸ್ಪಂಜು ಮತ್ತು ಹರಳುಗಳಲ್ಲಿ ನೆಲೆಸುವ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟನ್ನಾಗಿಯೂ, ಬಳಿಕ ಬಹಳ ಕಡಿಮೆ ಅಪಾಯದ ನೈಟ್ರೇಟನ್ನಾಗಿಯೂ ಮಾರ್ಪಡಿಸುತ್ತವೆ. ನಾವು ಕೊಳೆಯೆಂದು ತಿಕ್ಕಿ ತೆಗೆದದ್ದು ಈ ಸೇವಕರನ್ನೇ. ಹೊಸ ತೊಟ್ಟಿಯಲ್ಲಿ ಇವು ಬೇರೂರಲು ನಾಲ್ಕರಿಂದ ಆರು ವಾರಗಳು ಬೇಕಾಗುವದರಿಂದ, ತೊಟ್ಟಿಯನ್ನು ಕೊಂಡ ದಿನವೇ ಮೀನನ್ನು ಬಿಡಬಾರದು. ದಿನಾಲು ಚಿಟಿಕೆ ಆಹಾರ ಹಾಕುತ್ತ ಬರಿಯ ನೀರನ್ನೇ ಸಾಕಬೇಕು. ಅಮೋನಿಯಾ, ನೈಟ್ರೈಟುಗಳನ್ನು ಪರೀಕ್ಷಿಸುವ ದ್ರಾವಣಗಳು ಮೀನಿನ ಅಂಗಡಿಗಳಲ್ಲಿ ದೊರೆಯುವವು. ಎರಡೂ ಸೊನ್ನೆಗೆ ಬಂದ ಮೇಲೆ ಮೀನನ್ನು ತರತಕ್ಕದ್ದು.

ನಮ್ಮ ಹುಬ್ಬಳ್ಳಿಯ ಕಡೆ ನಳದ ನೀರು ದಿನಾಲು ಬಾರದೆ, ಕೂಡಿಟ್ಟು ಬಳಸುವ ರೂಢಿಯಿರುವದು. ಗೃಹಿಣಿಯರಿಗೆ ಇದು ಕಷ್ಟವೇ ಸರಿ, ಮೀನಿಗೆ ಮಾತ್ರ ಉಪಕಾರ. ತೆರೆದ ಪಾತ್ರೆಯಲ್ಲಿ ಒಂದೆರಡು ದಿವಸ ನಿಂತ ನೀರಿನಿಂದ ಕ್ಲೋರೀನು ಹಾರಿಹೋಗುವದು. ಅವಸರವಿದ್ದರೆ ಸೋಡಿಯಂ ಥಯೋಸಲ್ಫೇಟಿನ ದ್ರಾವಣವು ಅದನ್ನು ಕ್ಷಣದಲ್ಲಿ ನೀಗಿಸುತ್ತದೆ. ವಾರಕ್ಕೊಮ್ಮೆ ಕಾಲುಭಾಗದಷ್ಟು ನೀರನ್ನು ಮಾತ್ರ ಬದಲಾಯಿಸಿ, ಸ್ಪಂಜನ್ನು ಹೊರತೆಗೆದ ಹಳೆಯ ನೀರಿನಲ್ಲಿಯೇ ಅದ್ದಿ ಹಿಂಡಬೇಕು. ಕೊಳವೆ ಬಾವಿಯ ಗಡುಸು ನೀರಾದರೆ, ಮೀನನ್ನು ಅದಕ್ಕೆ ಸ್ವಲ್ಪಸ್ವಲ್ಪವಾಗಿ ಒಗ್ಗಿಸಬೇಕು.

ತೊಟ್ಟಿಯು ಅಗಲಕ್ಕಿಂತ ಎತ್ತರದಲ್ಲಿ ಹೆಚ್ಚಿರಲಿ. ಬೆಳೆದ ಮೀನು ರೆಕ್ಕೆ ಸಹಿತ ಒಂದು ಗೇಣು ಎತ್ತರವಾಗುವದುಂಟು. 24 ಇಂಚು ಉದ್ದ, 15 ಇಂಚು ಅಗಲ, 18 ಇಂಚು ಎತ್ತರದ ತೊಟ್ಟಿಯು ಸುಮಾರು 100 ಲೀಟರ್ ನೀರು ಹಿಡಿಯುವದು. ಅಷ್ಟು ನೀರಿನ ಭಾರವೇ 100 ಕಿಲೋ ಆಗುವದರಿಂದ ಮೇಜು ಗಟ್ಟಿಯಾಗಿರಬೇಕು. ನೀರಿನ ಉಷ್ಣತೆಯು 25ರಿಂದ 28 ಡಿಗ್ರಿಯೊಳಗಿರತಕ್ಕದ್ದು. ಡಿಸೆಂಬರ, ಜನೇವರಿಯ ರಾತ್ರಿಗಳಲ್ಲಿ ನೀರು ಕಾಯಿಸುವ ಸಣ್ಣ ವಿದ್ಯುದ್ದಂಡವಿಲ್ಲದೆ ಇಲ್ಲಿ ಸಾಗದು.

ಇನ್ನು ಆಹಾರ. ದಿನಕ್ಕೆ ಎರಡು ಸಾರಿ, ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು. ಅಂಗಡಿಯ ಒಣ ಹಪ್ಪಳಿಕೆಯ ಆಹಾರವು ನಿತ್ಯಕ್ಕೆ ಸಾಕು. ವಾರಕ್ಕೆರಡು ದಿನ ಸೊಳ್ಳೆಯ ಮರಿಹುಳುಗಳನ್ನು ಕೊಟ್ಟರೆ ಮೀನುಗಳು ಹಬ್ಬವೆಂದೇ ತಿಳಿಯುವವು. ಆದರೆ ಮರಿಹುಳುಗಳಿಗೆಂದು ಇಟ್ಟ ನೀರನ್ನು ಮರೆತರೆ ಮನೆಗೆ ಡೆಂಗಿ ಬಂದೀತು. ಚರಂಡಿಯ ಕೆಂಪು ಹುಳುಗಳು ರೋಗವನ್ನು ತರುವವು, ಬೇಡ. ಬೇಯಿಸಿ ಸಿಪ್ಪೆ ತೆಗೆದ ವಟಾಣಿಯ ಚೂರು ಆಗಾಗ ಒಳ್ಳೆಯದು. ಚುರುಮುರಿ, ರೊಟ್ಟಿಯ ತುಣುಕುಗಳನ್ನು ಮಕ್ಕಳು ಪ್ರೀತಿಯಿಂದಲೇ ಹಾಕುವರು. ಅವು ಕೊಳೆತು ನೀರನ್ನು ಕೆಡಿಸುವವು. ಈ ಮೀನುಗಳು ಗಾಜಿನ ಬಳಿಗೆ ಬಂದು ಸದಾ ಹಸಿದವರಂತೆ ಬೇಡುವವು, ನಂಬಬಾರದು.

ಸಾಕಲು ಬೇಸರವಾದರೆ ಉಣಕಲ್ ಕೆರೆಗೋ ಬೇರೆ ಹಳ್ಳಕ್ಕೋ ಬಿಡದೆ, ಅಂಗಡಿಗೆ ಹಿಂದಿರುಗಿಸಿರಿ. ಪರದೇಶದ ಮೀನುಗಳು ಇಲ್ಲಿನವುಗಳ ಅನ್ನವನ್ನು ಕಸಿದುಕೊಂಡಾವು.

ಜೋಡಿಯು ಕೂಡಿದರೆ ಅಗಲವಾದ ಎಲೆಯ ಮೇಲೆ ತತ್ತಿಗಳನ್ನು ಸಾಲಾಗಿ ಅಂಟಿಸಿ, ತಂದೆತಾಯಿ ಇಬ್ಬರೂ ಸರದಿಯಂತೆ ರೆಕ್ಕೆಯಿಂದ ಗಾಳಿ ಬೀಸುವವು. ಮೊದಲ ಸಲದ ತತ್ತಿಗಳನ್ನು ಅನೇಕವೇಳೆ ತಾವೇ ತಿಂದುಬಿಡುವವು, ಮಕ್ಕಳು ಅಳುತ್ತಾರೆ. ಮುಂದಿನ ಸಲ ಕಾಯಬೇಕು.

ಆ ಹುಡುಗಿಯು ಹೋದ ವರ್ಷ ಪೂರ್ವ ವಿದ್ಯಾರ್ಥಿನಿಯರ ಕೂಟಕ್ಕೆ ತನ್ನ ಮಗುವನ್ನು ಎತ್ತಿಕೊಂಡು ಬಂದಿದ್ದಳು. ತಪ್ಪು ನಮ್ಮದಾಗಿತ್ತೆಂದು ಆಗ ಅವಳಿಗೆ ಹೇಳಿದೆವು. “ಅಕ್ಕಾವರೇ, ನಾನು ದಿನಕ್ಕೆ ಎರಡೇ ಚಿಟಿಕೆ ಹಾಕುತ್ತಿದ್ದೆ” ಎಂದಳು. ಈಗ ಡಬ್ಬಿಯ ಮುಚ್ಚಳದ ಮೇಲೆ ಆ ಅಳತೆಯನ್ನೇ ಬರೆಯಿಸಿದ್ದೇವೆ.