ಗುಡ್ಡದ ಮೇಲಿನ ಗವರ್ನರ್

ಕ್ಯಾಮರೂನಿನ ಬಾಮೆಂಡದಲ್ಲಿ ಸೋಮವಾರವೆಂದರೆ ಬಾಗಿಲು ಹಾಕುವ ದಿನ. ಕಮರ್ಷಿಯಲ್ ಅವೆನ್ಯೂ ಉದ್ದಕ್ಕೂ ಅಂಗಡಿಗಳ ಷಟರ್ ಇಳಿದಿರುತ್ತದೆ. ಹಾರನ್ ಹೊಡೆಯುತ್ತ ನುಗ್ಗುವ ಬೈಕ್ ಟ್ಯಾಕ್ಸಿಗಳಿಲ್ಲ. ಶಾಲೆಗಳಿಗೆ ಬೀಗ, ತಪ್ಪಿದ ಪಾಠವನ್ನು ಕೆಲವು ಕಡೆ ಶನಿವಾರ ಮಾಡಿ ಮುಗಿಸುತ್ತಾರೆ. ಕುಟ್ಟಿದ ಕೆಸುವಿನ ಗೆಡ್ಡೆಯ ಮುದ್ದೆಗೆ ನಡುವೆ ಗುಳಿ ಮಾಡಿ, ತಾಳೆ ಎಣ್ಣೆಯ ಹಳದಿ ಸಾರು ಸುರಿದು ಕೊಡುವ ‘ಅಚು’ ಹೋಟೆಲುಗಳಲ್ಲೂ ಒಲೆ ಹೊತ್ತುವುದಿಲ್ಲ. ಊರವರು ಇದನ್ನು ‘ಘೋಸ್ಟ್ ಟೌನ್’ ಎನ್ನುತ್ತಾರೆ. 2017ರ ಜನವರಿಯಲ್ಲಿ ಇದು ಪ್ರತಿಭಟನೆಯಾಗಿಯೇ ಶುರುವಾಯಿತು. ಆಮೇಲಾಮೇಲೆ ಅಂಗಡಿ ತೆರೆದವರಿಗೆ ಪ್ರತ್ಯೇಕತಾವಾದಿಗಳ ಬಂದೂಕಿನ ಭಯ, ಮುಚ್ಚಿದವರಿಗೆ ಸರ್ಕಾರದ ಸಿಟ್ಟಿನ ಭಯ.

ಊರಿನ ಬೆನ್ನಿಗೆ ಕಡಿದಾದ ಗುಡ್ಡವೊಂದು ನಿಂತಿದೆ. ಅದರ ನೆತ್ತಿಯ ಹೆಸರು ಅಪ್ ಸ್ಟೇಷನ್. ಜರ್ಮನರು ಅಲ್ಲಿ ಕೋಟೆ ಕಟ್ಟಿದರು, ಬ್ರಿಟಿಷರು ಅಲ್ಲಿಂದಲೇ ಆಳಿದರು, ಈಗ ಕ್ಯಾಮರೂನಿನ ವಾಯವ್ಯ ಪ್ರಾಂತ್ಯದ ಗವರ್ನರ್ ಕಚೇರಿಯೂ ಅಲ್ಲೇ. ಕೆಳಗಿನ ಊರಿನ ಯಾರೂ ಆ ಗವರ್ನರಿಗೆ ಓಟು ಹಾಕಿಲ್ಲ. ರಾಜಧಾನಿ ಯೌಂಡೆಯಲ್ಲಿ ಅಧ್ಯಕ್ಷರು ಆದೇಶಕ್ಕೆ ಸಹಿ ಹಾಕುತ್ತಾರೆ, ಸರ್ಕಾರಿ ರೇಡಿಯೊ ಅದನ್ನು ಓದಿ ಹೇಳುತ್ತದೆ, ಅಷ್ಟೇ. ದೇಶದ 10 ಪ್ರಾಂತ್ಯಗಳಿಗೂ ಇದೇ ಕ್ರಮ. ಗವರ್ನರ್ ಕೆಳಗೆ ಎಸ್.ಡಿ.ಒ. (ಹಿರಿಯ ವಿಭಾಗಾಧಿಕಾರಿ), ಅವರ ಕೆಳಗೆ ಡಿ.ಒ. (ವಿಭಾಗಾಧಿಕಾರಿ); ಇವರೂ ಮೇಲಿನಿಂದ ಬಂದವರೇ. ಸಭೆ ಸೇರಬೇಕಾದರೆ ಡಿ.ಒ.ಗೆ ಮೊದಲೇ ತಿಳಿಸಬೇಕು. ಅವರು ತಡೆದರೆ ಸಭೆಯಿಲ್ಲ. ಸೆನೆಟ್ಟಿನ 100 ಸ್ಥಾನಗಳಲ್ಲಿ 30 ಅಧ್ಯಕ್ಷರ ಕೈಯಲ್ಲಿವೆ. ಆ ಅಧ್ಯಕ್ಷರು ಪಾಲ್ ಬಿಯಾ. 1982ರ ನವೆಂಬರಿನಿಂದ ಅವರೊಬ್ಬರೇ. 2008ರಲ್ಲಿ ಸಂವಿಧಾನ ತಿದ್ದಿ ಅವಧಿಯ ಮಿತಿ ತೆಗೆಸಿದರು. 2025ರ ಅಕ್ಟೋಬರಿನಲ್ಲಿ, 92ನೇ ವಯಸ್ಸಿನಲ್ಲಿ, ಎಂಟನೇ ಬಾರಿ ಗೆದ್ದರೆಂದು ಘೋಷಣೆಯಾಯಿತು.

ಬಾಮೆಂಡದವರ ಸಂಕಟಕ್ಕೆ ಇನ್ನೂ ಹಳೆಯ ಬೇರಿದೆ. ಬ್ರಿಟಿಷರ ಆಡಳಿತದಲ್ಲಿದ್ದ ಈ ಸೀಮೆಯ ಜನ 1961ರ ಜನಮತದಲ್ಲಿ, ಫ್ರೆಂಚರಿಂದ ಬಿಡುಗಡೆಯಾಗಿದ್ದ ಕ್ಯಾಮರೂನಿನ ಜೊತೆ ಸೇರಲು ಒಪ್ಪಿದರು. ಆಗ ಆದದ್ದು ಎರಡು ರಾಜ್ಯಗಳ ಒಕ್ಕೂಟ. ಇವರಿಗೆ ತಮ್ಮದೇ ಶಾಸನಸಭೆ, ತಮ್ಮದೇ ಪ್ರಧಾನಿ. ಬಾವುಟದಲ್ಲಿ ಎರಡು ನಕ್ಷತ್ರ. ಮೊದಲ ಅಧ್ಯಕ್ಷ ಅಹಮದು ಅಹಿಜೊ 1972ರ ಮೇ 20ರಂದು ಜನಮತ ನಡೆಸಿ ಒಕ್ಕೂಟವನ್ನೇ ಮುಗಿಸಿದರು. 1975ರಲ್ಲಿ ಒಂದು ನಕ್ಷತ್ರ ಹೋಯಿತು, 1984ರಲ್ಲಿ ದೇಶದ ಹೆಸರಿನಿಂದ ‘ಸಂಯುಕ್ತ’ ಎಂಬುದೂ ಹೋಯಿತು. ಆ ಮೇ 20 ಇವತ್ತಿಗೂ ರಾಷ್ಟ್ರೀಯ ಹಬ್ಬ. ತಮ್ಮ ಶಾಸನಸಭೆ ಕೈತಪ್ಪಿದ ದಿನದಂದೇ ಬಾವುಟ ಹಿಡಿದು ಮೆರವಣಿಗೆ ಹೊರಡಿ ಎಂದು ಜನರಿಗೆ ಹೇಳುವುದು ಕ್ರೂರವೆಂದೇ ನನಗೆ ಅನಿಸುತ್ತದೆ.

2016ರಲ್ಲಿ ಮೊದಲು ಬೀದಿಗಿಳಿದವರು ವಕೀಲರು, ಗೌನು ತೊಟ್ಟು. ಇಂಗ್ಲಿಷ್ ಕಾನೂನಿನ ನ್ಯಾಯಾಲಯಕ್ಕೆ ಅದನ್ನು ಓದದ ನ್ಯಾಯಾಧೀಶರನ್ನು ಕಳಿಸಬೇಡಿ ಎಂಬುದಷ್ಟೇ ಅವರ ಬೇಡಿಕೆ. ಸಿಕ್ಕಿದ್ದು ಅಶ್ರುವಾಯು. ಮುಂದೆ ಶಿಕ್ಷಕರು ಬಂದರು. ರೇಡಿಯೊ ನಿರೂಪಕ ಮಾಂಚೊ ಬಿಬಿಕ್ಸಿ ಬಾಮೆಂಡದ ಬೀದಿಯಲ್ಲಿ ಶವಪೆಟ್ಟಿಗೆ ತರಿಸಿ, ಅದರೊಳಗೆ ನಿಂತು, ಧ್ವನಿವರ್ಧಕ ಹಿಡಿದು ಮಾತಾಡಿದರು. ಅವರು ಕೇಳಿದ್ದರಲ್ಲಿ ಮುಖ್ಯವಾದದ್ದು ರಸ್ತೆ. ಯಾವ ನಗರಸಭೆಯಲ್ಲೂ ಎತ್ತಬಹುದಾದ ಮಾತು. ಅದಕ್ಕೆ ಸೇನಾ ನ್ಯಾಯಾಲಯ ಕೊಟ್ಟ ಶಿಕ್ಷೆ 15 ವರ್ಷ ಜೈಲು. ಹಳೆಯ ಬ್ರಿಟಿಷ್ ಸೀಮೆಯ ಎರಡೂ ಇಂಗ್ಲಿಷ್ ಪ್ರಾಂತ್ಯಗಳಿಗೆ 2017ರಲ್ಲಿ 93 ದಿನ ಇಂಟರ್ನೆಟ್ ಇರಲಿಲ್ಲ. ಆ ವರ್ಷ ಮುಗಿಯುವುದರೊಳಗೆ ಪ್ರತ್ಯೇಕ ದೇಶ ಬೇಕೆಂದವರಿಗೂ ಸೇನೆಗೂ ನಡುವೆ ಯುದ್ಧ ಹತ್ತಿಕೊಂಡಿತು. ಸತ್ತವರು 6 ಸಾವಿರಕ್ಕೂ ಹೆಚ್ಚು.

ಇದರ ನಡುವೆ ಸರ್ಕಾರ ಒಂದಿಷ್ಟು ಬಿಟ್ಟುಕೊಟ್ಟಿದೆ. 2020ರ ಡಿಸೆಂಬರಿನಲ್ಲಿ ಪ್ರಾಂತೀಯ ಸಭೆಗಳಿಗೆ ಮೊದಲ ಬಾರಿ ಚುನಾವಣೆ ನಡೆಯಿತು. ‘ಫೊನ್’ ಎಂದು ಕರೆಯುವ ಇಲ್ಲಿನ ಸಾಂಪ್ರದಾಯಿಕ ಅರಸರಿಗೂ ಅದರಲ್ಲಿ ಒಂದು ಸದನ ಸಿಕ್ಕಿತು. ಆದರೆ ಈ ಸಭೆಯ ಮೇಲ್ವಿಚಾರಣೆಯೂ ಗವರ್ನರರದ್ದೇ. ಈ ಬಿಕ್ಕಟ್ಟಿನ ಬಗ್ಗೆ 2019ರಲ್ಲಿ ತಾನೇ ಕರೆದ ಮಹಾ ಸಂವಾದದಲ್ಲಿ ಒಕ್ಕೂಟದ ಚರ್ಚೆಗೆ ಸರ್ಕಾರ ಆಸ್ಪದ ಕೊಡಲಿಲ್ಲ. ಆ ಮಾತನ್ನು ಮೇಜಿನ ಮೇಲಿಡದೆ ಇಲ್ಲಿ ನೆಮ್ಮದಿ ಮರಳುತ್ತದೆಂದು ನನಗಂತೂ ನಂಬಿಕೆಯಿಲ್ಲ.